ತಿದ್ದುಪಡಿಗೆ ಜಾಗವಿಲ್ಲದ ಜಿಎಸ್‌ಟಿ ರಿಟರ್ನ್

ಪ್ರಶ್ನೆ: ಒಮ್ಮೆ ಸಲ್ಲಿಸಿದ ಜಿಎಸ್‌ಟಿಆರ್-3ಬಿ ರಿಟರ್ನ್ ಅನ್ನು ತಿದ್ದಲು ಬರುವುದಿಲ್ಲ ಎಂದು ನಮ್ಮ ಆಡಿಟರ್ ಹೇಳುತ್ತಾರೆ. ಆದಾಯ ತೆರಿಗೆಯಲ್ಲಿ ಪರಿಷ್ಕೃತ ರಿಟರ್ನ್ ಇರುವಾಗ ಇಲ್ಲೇಕೆ ಇಲ್ಲ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಆಡಿಟರ್ ಹೇಳಿದ್ದು ಸರಿ. ಕಾರಣ ವ್ಯವಸ್ಥೆಯ ಮೂಲ ವಿನ್ಯಾಸದಲ್ಲಿದೆ. ರಿಟರ್ನ್ ಸಲ್ಲಿಸುವ ಜಿಎಸ್‌ಟಿ ಪೋರ್ಟಲ್ ನಿರ್ಮಿಸಿ ನಡೆಸುವ 1,380 ಕೋಟಿ ರೂಪಾಯಿಗಳ ಗುತ್ತಿಗೆ 2015ರಲ್ಲಿ ಇನ್ಫೋಸಿಸ್‌ಗೆ ದೊರೆಯಿತು. ಜಿಎಸ್‌ಟಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2017ರ ಏಪ್ರಿಲ್‌ನಲ್ಲಿ, ಜಾರಿಯಾದದ್ದು ಅದೇ ವರ್ಷದ ಜುಲೈ 1ರಂದು. ಕಾನೂನು ಅಂತಿಮ ರೂಪ ಪಡೆಯುವ ಮೊದಲೇ ತಂತ್ರಾಂಶದ ಕೆಲಸ ಶುರುವಾಗಿತ್ತು.

ಮೂಲ ಯೋಜನೆಯಂತೆ ಮಾರಿದವರು ಜಿಎಸ್‌ಟಿಆರ್-1ರಲ್ಲಿ ಬಿಲ್ಲುಗಳ ವಿವರ ಕೊಡಬೇಕಿತ್ತು, ಕೊಂಡವರು ಜಿಎಸ್‌ಟಿಆರ್-2ರಲ್ಲಿ ಒಂದೊಂದು ಬಿಲ್ಲನ್ನೂ ತಾಳೆ ನೋಡಿ ಒಪ್ಪಬೇಕಿತ್ತು ಇಲ್ಲವೇ ತಿದ್ದಬೇಕಿತ್ತು, ಆ ಬಳಿಕ ಜಿಎಸ್‌ಟಿಆರ್-3 ಸಿದ್ಧವಾಗಬೇಕಿತ್ತು. ತಪ್ಪುಗಳು ತಾಳೆಯ ಹಂತದಲ್ಲೇ ಬಯಲಾಗುತ್ತವೆ ಎಂಬ ನಂಬಿಕೆಯಿಂದ ಪರಿಷ್ಕೃತ ರಿಟರ್ನ್‌ಗೆ ಜಾಗವನ್ನೇ ಇಡಲಿಲ್ಲ. ಆದರೆ ಈ ಹೊರೆಯನ್ನು ವ್ಯಾಪಾರಿಗಳೂ ಪೋರ್ಟಲ್ಲೂ ತಾಳಲಿಲ್ಲ. 2017ರ ನವೆಂಬರ್‌ನಲ್ಲಿ ಗುವಾಹಟಿಯಲ್ಲಿ ಸೇರಿದ ಜಿಎಸ್‌ಟಿ ಮಂಡಳಿ 2 ಮತ್ತು 3ನೇ ನಮೂನೆಗಳನ್ನು ತಡೆಹಿಡಿಯಿತು. ತಿದ್ದುವ ದಾರಿ ಅವುಗಳ ಜೊತೆಗೇ ಹೋಯಿತು. ಮೊದಲ ಎರಡು ತಿಂಗಳಿಗೆಂದು ತಂದಿದ್ದ, ವಹಿವಾಟಿನ ಸಾರಾಂಶ ಕೊಟ್ಟು ತೆರಿಗೆ ಕಟ್ಟುವ 3ಬಿ ಮಾತ್ರ ಇಂದಿಗೂ ಉಳಿದಿದೆ. ಬಿಗಿಯಾದ ವಿನ್ಯಾಸದ ನಿಜವಾದ ಅಪಾಯ ಇದೇ ಎಂದು ನಾನು ದೃಢವಾಗಿ ನಂಬುತ್ತೇನೆ: ಒಂದು ಭಾಗ ಕಳಚಿದಾಗ ಅದು ಮಾಡಬೇಕಿದ್ದ ಕೆಲಸವನ್ನು ಇನ್ನಾವ ಭಾಗವೂ ವಹಿಸಿಕೊಳ್ಳಲಾರದು.

ಭಾರ್ತಿ ಏರ್‌ಟೆಲ್ 923 ಕೋಟಿ ರೂಪಾಯಿ ಮರುಪಾವತಿ ಕೋರಿದ ಪ್ರಕರಣದಲ್ಲಿ ಹಳೆಯ ತಿಂಗಳುಗಳ 3ಬಿ ತಿದ್ದಲು ದೆಹಲಿ ಹೈಕೋರ್ಟ್ 2020ರಲ್ಲಿ ಅವಕಾಶ ಕೊಟ್ಟಿತ್ತು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಆದರೆ 2025ರ ಮಾರ್ಚ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಬರವಣಿಗೆಯ ತಪ್ಪುಗಳನ್ನು ತಿದ್ದುವ ಹಕ್ಕು ವ್ಯಾಪಾರ ಮಾಡುವ ಹಕ್ಕಿನಿಂದಲೇ ಬರುತ್ತದೆ, ಅದನ್ನು ನಿರಾಕರಿಸಲು ತಂತ್ರಾಂಶದ ಮಿತಿ ಸಕಾರಣವಾಗದು ಎಂದಿತು. ಇಲಾಖೆಗಳು ಟೆಂಡರ್ ಕರೆಯುವಾಗಲೇ ಓದಬೇಕಾದ ಮಾತಿದು.

ಪರಿಸ್ಥಿತಿ ಒಂದಿಷ್ಟು ಸುಧಾರಿಸಿದೆ. 2024ರಲ್ಲಿ ಜಿಎಸ್‌ಟಿಆರ್-1ಎ ಬಂದಿದ್ದು, 3ಬಿ ಸಲ್ಲಿಸುವ ಮುನ್ನ ಅದೇ ಅವಧಿಯ ಮಾರಾಟದ ವಿವರಗಳನ್ನು ಅದರಲ್ಲಿ ಸರಿಪಡಿಸಬಹುದು. 2025ರ ಜುಲೈ ತಿಂಗಳ ರಿಟರ್ನ್‌ನಿಂದ, ಜಿಎಸ್‌ಟಿಆರ್-1 ಮತ್ತು 1ಎಗಳಿಂದ 3ಬಿಯಲ್ಲಿ ತಾನಾಗಿ ತುಂಬಿಬರುವ, ಮಾರಾಟದ ಮೇಲಿನ ತೆರಿಗೆಯ ಅಂಕಿಗಳನ್ನು ಅಲ್ಲೇ ಬದಲಿಸಲು ಬರುವುದಿಲ್ಲವಾದ್ದರಿಂದ 1ಎ ಹಂತವನ್ನು ಬಿಡಬೇಡಿ. ಆಮೇಲೆ ಕಣ್ಣಿಗೆ ಬಿದ್ದ ತಪ್ಪನ್ನು ಮುಂದಿನ ರಿಟರ್ನ್‌ಗಳಲ್ಲಿ ಸರಿಹೊಂದಿಸಬಹುದು. ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದೇ ಗಡುವು.