ಹೂಮಳೆ ಬಿದ್ದ ಮೇಲೆ ಬನ್ನಿ

ಪ್ರಶ್ನೆ: ಅಕ್ಕಾ, ನಾನು, ನಮ್ಮ ಯಜಮಾನರು ಇಬ್ಬರೂ ನಿವೃತ್ತ ಶಿಕ್ಷಕರು. ಕೊಡಗಿಗೆ ಮೂರು ಸಲ ಬಂದಿದ್ದೇವೆ. ರಾಜಾಸೀಟ್, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ ಎಲ್ಲ ಆಯ್ತು. ಫೋಟೋ ರಾಶಿ ಇದೆ, ಮನಸ್ಸಲ್ಲಿ ಮಾತ್ರ ಏನೂ ನಿಂತಿಲ್ಲ. ಇನ್ನೊಮ್ಮೆ ಬಂದರೆ ಏನು ನೋಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಏನು ನೋಡಬೇಕು ಅನ್ನೋದಕ್ಕಿಂತ ಯಾವಾಗ ಬರಬೇಕು ಅಂತ ಹೇಳುತ್ತೇನೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ನಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುತ್ತದೆ. ಆ ರಾತ್ರಿ ಯಾರೂ ಬೇಗ ಮಲಗುವುದಿಲ್ಲ. 'ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?' ಅಂತ ತೋಟದಿಂದ ತೋಟಕ್ಕೆ ಫೋನು. ನೂರು ಸೆಂಟ್ ಅಂದರೆ ಒಂದು ಇಂಚು ಮಳೆ. ಅಲ್ಲಿಂದ ಎಂಟು ಹತ್ತು ದಿನಕ್ಕೆ ರೋಬಸ್ಟಾ ಕಾಫಿ ಗಿಡ ಹೂವಿನಿಂದ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಹೂ ಕಂದು ಬಣ್ಣಕ್ಕೆ ತಿರುಗುತ್ತದೆ.

ಹಾಗಾಗಿ ರೂಮು ಮೊದಲೇ ಬುಕ್ ಮಾಡಬೇಡಿ. ಹೋಂಸ್ಟೇಯವರಿಗೆ 'ಮಳೆ ಬಿದ್ದ ದಿನ ತಿಳಿಸಿ' ಅಂತ ಹೇಳಿಡಿ. ಬಂದವರು ಮೂರು ದಿನ ಒಂದೇ ಕಡೆ ಇರಿ. ಬೆಳಿಗ್ಗೆ ಆರಕ್ಕೆ ಫೋನ್ ಒಳಗಿಟ್ಟು ತೋಟಕ್ಕೆ ಇಳಿಯಿರಿ. ಮೊದಲು ಮಲ್ಲಿಗೆಯಂಥ ವಾಸನೆ. ಬಿಸಿಲು ಏರಿದ ಹಾಗೆ ಜೇನುನೊಣಗಳ ಸದ್ದು, ಇಡೀ ತೋಟವೇ ಗುಂಯ್‌ಗುಡುತ್ತದೆ. ಮದುವೆಯಾಗಿ ಕಕ್ಕಬ್ಬೆಗೆ ಬಂದ ಮೊದಲ ವರ್ಷ ನಮ್ಮ ಅತ್ತೆ ನನ್ನನ್ನು ಗಿಡಗಳ ನಡುವೆ ನಿಲ್ಲಿಸಿ, 'ಮಾತಾಡಬೇಡ, ಸುಮ್ನೆ ನಿಲ್ಲು' ಅಂದಿದ್ದರು. ಮೂವತ್ತು ವರ್ಷವಾಯಿತು. ಈಗಲೂ ಹೂ ಬಿಟ್ಟ ದಿನ ಅದೇ ಜಾಗದಲ್ಲಿ ಹೋಗಿ ನಿಲ್ಲುತ್ತೇನೆ.

ಕಾಲು ಗಟ್ಟಿ ಇದ್ದರೆ ಒಂದು ದಿನ ತಡಿಯಂಡಮೋಳ್. 1,748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಆಗದಿದ್ದರೆ ಬುಡದಲ್ಲಿರುವ ನಾಲ್ಕುನಾಡು ಅರಮನೆಯ ಜಗಲಿಯಲ್ಲೇ ಕೂತಿರಿ.

ಹಾಡು ಇಷ್ಟ ಅಂತಾದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಇನ್ನೊಮ್ಮೆ ಬನ್ನಿ. ಬೆಳದಿಂಗಳ ಗದ್ದೆಯಲ್ಲಿ ಕದಿರು ಕೊಯ್ಯುತ್ತಾ 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾರೆ. ಆಮೇಲೆ ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರು ಮನೆಮನೆಗೆ ಬರುತ್ತಾರೆ. ಇಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಕೂಡಿಸಿ 1924ರಲ್ಲಿ ಪುಸ್ತಕವಾಗಿ ತಂದರು. ಅದು ನನ್ನ ಹತ್ತಿರ ಇದೆ, ಓದುತ್ತೇನೆ. ಆದರೆ ದುಡಿಯ ಪೆಟ್ಟು ಎದೆಗೆ ತಾಗಬೇಕಾದರೆ ಅಂಗಳದಲ್ಲೇ ಕೂರಬೇಕು, ಅಲ್ವಾ?

ಪ್ರಶ್ನೆ: ನಿಮ್ಮೂರಿನ ರುಚಿ ನೋಡಿ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡಿದೆ. ಹದಿನೈದನೇ ದಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದೆ. ರಾತ್ರಿ ಬಾಟಲಿ ಒಡೆಯಿತು. ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ಈಸ್ಟ್ ಇನ್ನೂ ಸಕ್ಕರೆ ತಿನ್ನುತ್ತಿತ್ತು. ತಿನ್ನುವಾಗ ಗ್ಯಾಸ್ ಬಿಡುತ್ತದೆ. ಅದಕ್ಕೆ ಹೋಗಲು ದಾರಿ ಇರಲಿಲ್ಲ. ನನ್ನ ಪ್ಯಾಶನ್ ಫ್ರೂಟ್ ವೈನ್ ಒಮ್ಮೆ ಹೀಗೇ ಹೋಯಿತು. ಗಾಜಿನ ಚೂರು ಯಾರಿಗೂ ತಾಗಲಿಲ್ಲ, ಅದೇ ಪುಣ್ಯ. ಅಂದಿನಿಂದ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವುತ್ತೇನೆ. ಇಪ್ಪತ್ತೊಂದು ದಿನಕ್ಕೆ ಸೋಸುತ್ತೇನೆ. ಸೋಸಿದ ಮೇಲೂ ಬಿಗಿ ಮುಚ್ಚುವುದಿಲ್ಲ. ಗುಳ್ಳೆ ಪೂರ್ತಿ ನಿಂತು, ಗಸಿ ತಳಕ್ಕೆ ಕೂತು, ಮೇಲಿನದು ತಿಳಿಯಾಗಬೇಕು. ಬಾಟಲಿ ಆಮೇಲೆ. ಭರಣಿಗೆ ಕಿವಿ ಕೊಟ್ಟರೆ ಸಣ್ಣಗೆ ಚಿಟಪಟ ಕೇಳುತ್ತದೆ. ಅದು ಕೇಳುವಷ್ಟು ದಿನ ಮುಚ್ಚಳ ಮುಟ್ಟಬೇಡಿ.