ಕರಾರಿನಲ್ಲಿ ಒಂದು ಬಾಡಿಗೆ, ಏಜೆಂಟರ ಬಾಯಲ್ಲಿ ಇನ್ನೊಂದು

ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ಗೋಪಾಲಗೌಡ ಬಡಾವಣೆಯಲ್ಲಿ ಏಜೆಂಟರೊಬ್ಬರ ಮೂಲಕ ಮನೆ ಹಿಡಿದು, 11 ತಿಂಗಳ ಕರಾರಿಗೆ ಮಾಲೀಕರೂ ನಾನೂ ಸಹಿ ಹಾಕಿದ್ದೇವೆ. ಬಾಡಿಗೆ 9,000 ರೂಪಾಯಿ, ಮುಂಗಡ 60,000 ರೂಪಾಯಿ. ಅವಧಿ ಮುಗಿದ ಮೇಲೆ ಮುಂದುವರಿಸುವುದಾದರೆ ಶೇ 5ರಷ್ಟು ಏರಿಕೆ ಎಂದು ಬರೆದಿದೆ. ಮಾಲೀಕರು ಬೆಂಗಳೂರಿನಲ್ಲಿರುವುದರಿಂದ ಎಲ್ಲ ವ್ಯವಹಾರವೂ ಏಜೆಂಟರದ್ದೇ. ನಾಲ್ಕನೆಯ ತಿಂಗಳಲ್ಲಿ ಅವರು ವಾಟ್ಸ್‌ಆ್ಯಪ್‌ನಲ್ಲಿ, ‘ಸುತ್ತಮುತ್ತ ಬಾಡಿಗೆ ಏರಿದೆ, ಮುಂದಿನ ತಿಂಗಳಿಂದ 10,500 ಹಾಕಿ, ಇಲ್ಲವಾದರೆ ಖಾಲಿ ಮಾಡಿ’ ಎಂದು ಬರೆದಿದ್ದಾರೆ. ಜಗಳವೇಕೆಂದು ಸದ್ಯಕ್ಕೆ ಕೊಟ್ಟುಬಿಡಲೇ?
— ಓದುಗರು, ಶಿವಮೊಗ್ಗ

ಉತ್ತರ: ಕೊಡಬೇಡಿ. ಇಂತಹ ಪ್ರಕರಣಗಳಲ್ಲಿ ಬಾಡಿಗೆದಾರರು ಸೋಲುವುದು ಸಾಮಾನ್ಯವಾಗಿ ಆ ಮೊದಲ ಪಾವತಿಯಲ್ಲಿಯೇ. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ ಹಳೆಯ ಕರಾರಿನ ಜಾಗದಲ್ಲಿ ಹೊಸದು ಬರಬೇಕಾದರೆ, ಅಥವಾ ಅದರ ಷರತ್ತು ಬದಲಾಗಬೇಕಾದರೆ, ಎರಡೂ ಪಕ್ಷಗಳು ಒಪ್ಪಬೇಕು. ಒಬ್ಬರು ಸಂದೇಶ ಕಳಿಸಿದ ಮಾತ್ರಕ್ಕೆ ಅದು ಒಪ್ಪಿಗೆಯಾಗುವುದಿಲ್ಲ. ಆದರೆ ನೀವು ತಕರಾರಿಲ್ಲದೆ 10,500 ರೂಪಾಯಿಯನ್ನು ತಿಂಗಳು ತಿಂಗಳೂ ಕಟ್ಟುತ್ತಾ ಹೋದರೆ, ನಿಮ್ಮ ನಡವಳಿಕೆಯೇ ಒಪ್ಪಿಗೆ ಎಂದು ವಾದಿಸಲು ಎದುರು ಪಕ್ಷಕ್ಕೆ ಒಳ್ಳೆಯ ಅವಕಾಶ ಸಿಗುತ್ತದೆ. ಈಗಾಗಲೇ ಒಮ್ಮೆ ಹೆಚ್ಚು ಕೊಟ್ಟಿರುವ ಓದುಗರಿದ್ದರೆ, ಅದನ್ನು ಒತ್ತಡದಿಂದ ಕೊಟ್ಟದ್ದೆಂದೂ ಮುಂದಿನ ಬಾಡಿಗೆಯಲ್ಲಿ ಹೊಂದಿಸಿಕೊಳ್ಳಬೇಕೆಂದೂ ಕೂಡಲೇ ಬರವಣಿಗೆಯಲ್ಲಿ ತಿಳಿಸಿಬಿಡಲಿ.

ಇನ್ನು ಏಜೆಂಟರ ವಿಷಯ. ಕರಾರು ಪತ್ರದಲ್ಲಿ ಇರುವ ಸಹಿಗಳು ಎರಡು: ಮಾಲೀಕರದ್ದು, ನಿಮ್ಮದು. ಏಜೆಂಟರು ಮಾಲೀಕರ ಪರವಾಗಿ ಮಾತು ತರುವವರೇ ಹೊರತು ಕರಾರಿನ ಪಕ್ಷಗಾರರಲ್ಲ. ಅವರು ಬಾಡಿಗೆ ವಸೂಲಿ ಮಾಡಬಹುದು, ಬೀಗದ ಕೈ ಇಟ್ಟುಕೊಂಡಿರಬಹುದು. ಆದರೆ ಮಾಲೀಕರಿಗೇ ಇಲ್ಲದ ಹಕ್ಕು ಅವರ ಪ್ರತಿನಿಧಿಗೆ ಬರುವುದಿಲ್ಲ. ಅವಧಿಯ ನಡುವೆ ಬಾಡಿಗೆ ಏರಿಸುವ ಷರತ್ತು ನಿಮ್ಮ ಪತ್ರದಲ್ಲಿ ಇಲ್ಲವಾದ್ದರಿಂದ ಆ ಹಕ್ಕು ಮಾಲೀಕರಿಗೂ ಇಲ್ಲ. ಎಷ್ಟೋ ವೇಳೆ ಮಾಲೀಕರಿಗೆ ಈ ಏರಿಕೆಯ ಸುದ್ದಿಯೇ ತಿಳಿದಿರುವುದಿಲ್ಲ. ಆದ್ದರಿಂದ ಏಜೆಂಟರಿಗೆ ಉತ್ತರ ಬರೆಯುವ ಮೊದಲು, ಕರಾರಿನಲ್ಲಿರುವ ವಿಳಾಸಕ್ಕೆ ಮಾಲೀಕರ ಹೆಸರಿನಲ್ಲಿಯೇ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ: ಇಂಥ ದಿನಾಂಕದ ಕರಾರಿನ ಪ್ರಕಾರ 9,000 ರೂಪಾಯಿ ಕಟ್ಟುತ್ತಿದ್ದೇನೆ, ಏಜೆಂಟರು ಹೀಗೆ ಕೇಳಿದ್ದಾರೆ, ನಾನು ಒಪ್ಪಿಲ್ಲ, ಇದು ನಿಮ್ಮ ಸೂಚನೆಯೇ ಎಂಬುದನ್ನು ತಿಳಿಸಿ. ಇಷ್ಟು ಸಾಕು, ಬೈಗುಳವೂ ಬೇಡ, ಬೆದರಿಕೆಯೂ ಬೇಡ. ಅಂಚೆಯ ರಸೀದಿ ಜೋಪಾನವಾಗಿರಲಿ.

ಬಾಡಿಗೆಯನ್ನು ಮಾತ್ರ ಒಂದು ದಿನವೂ ತಡಮಾಡದೆ, ಮಾಲೀಕರ ಬ್ಯಾಂಕ್ ಖಾತೆಗೇ, ಯಾವ ತಿಂಗಳ ಬಾಡಿಗೆ ಎಂಬುದನ್ನು ನಮೂದಿಸಿ ಹಾಕಿ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸುವುದು, ‘ಮುಂಗಡದಲ್ಲೇ ಮುರಿದುಕೊಳ್ಳಿ’ ಎನ್ನುವುದು ಎರಡೂ ತಪ್ಪು ನಡೆ. ಬಾಡಿಗೆ ಬಾಕಿ ಎಂಬ ನೆಪವನ್ನು ನೀವಾಗಿಯೇ ಅವರ ಕೈಗಿತ್ತಂತಾಗುತ್ತದೆ. ಅವರು ಹಣ ವಾಪಸ್ ಕಳಿಸಿದರೆ ಅದೇ ಮೊತ್ತವನ್ನು ಮತ್ತೆ ಕಳಿಸಿ, ಕಳಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ.

ಒಂದು ಮಾತನ್ನು ಮುಚ್ಚಿಡುವಂತಿಲ್ಲ. ನಿಮ್ಮ ಕರಾರಿನಲ್ಲಿ ‘ಯಾವ ಪಕ್ಷವಾದರೂ ಒಂದು ಅಥವಾ ಎರಡು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು’ ಎಂಬ ಸಾಲು ಇದೆಯೇ ನೋಡಿಕೊಳ್ಳಿ. ನಮ್ಮ ಕಡೆ ಟೈಪಿಸ್ಟರ ಬಳಿ ಸಿದ್ಧವಿರುವ ನಮೂನೆಗಳಲ್ಲಿ ಅದು ಇದ್ದೇ ಇರುತ್ತದೆ ಎನ್ನಬಹುದು. ಇದ್ದರೆ, ಬಾಡಿಗೆ ಏರಿಸಲಾಗದ ಮಾಲೀಕರು ಕ್ರಮವಾಗಿ ನೋಟಿಸ್ ಕೊಟ್ಟು ಮನೆ ಬಿಡಿಸಲು ಹೊರಡಬಹುದು. ಆಗಲೂ ನೋಟಿಸ್ ಅವಧಿ ಮುಗಿಯುವವರೆಗೆ ಬಾಡಿಗೆ 9,000 ರೂಪಾಯಿಯೇ. ಮುಂಗಡದಿಂದ 1,500 ರೂಪಾಯಿಯ ‘ವ್ಯತ್ಯಾಸ’ ಮುರಿದುಕೊಳ್ಳಲು ಅವರಿಗೆ ಅಧಿಕಾರವಿಲ್ಲ. 11 ತಿಂಗಳು ಮುಗಿದ ಮೇಲಿನ ಮಾತು ಬೇರೆ. ಶೇ 5ರ ಷರತ್ತು ಮುಂದುವರಿಸುವುದಾದರೆ ಮಾತ್ರ ಅನ್ವಯ. ಮುಂದುವರಿಸಲೇಬೇಕೆಂದು ಮಾಲೀಕರನ್ನು ಒತ್ತಾಯಿಸುವ ಮಾತು ಅದರಲ್ಲಿಲ್ಲ.

ಬಾಡಿಗೆ ನಿಯಂತ್ರಣ ಕಾನೂನು ಇದೆಯಲ್ಲ ಎಂದು ಹಲವರು ಕೇಳುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇರುವುದು ನಿಜ. ಆದರೆ ವಾಸದ ಮನೆಗಳಿಗೆ ಅದರ ವ್ಯಾಪ್ತಿಯ ಮಿತಿಯನ್ನು ದೊಡ್ಡ ನಗರಗಳಲ್ಲಿಯೂ ತಿಂಗಳಿಗೆ 3,500 ರೂಪಾಯಿಯಷ್ಟಕ್ಕೆ ನಿಲ್ಲಿಸಲಾಗಿತ್ತು. ಇಂದು ಶಿವಮೊಗ್ಗದಲ್ಲಿ ಆ ಬಾಡಿಗೆಗೆ ಒಂದು ಕೋಣೆ ಸಿಕ್ಕರೆ ಪುಣ್ಯ. ಹೀಗಾಗಿ ನಿಮ್ಮಂಥವರ ರಕ್ಷಣೆ ನಿಂತಿರುವುದು ಬಾಡಿಗೆ ಕಾಯ್ದೆಯ ಮೇಲಲ್ಲ, ನೀವು ಸಹಿ ಹಾಕಿದ ಕಾಗದದ ಮೇಲೆ. ವ್ಯಾಜ್ಯದವರೆಗೆ ಹೋಗಬೇಕಾಗಿ ಬಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿರಿ. 1987ರ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಪ್ರಶ್ನೆ: ಮಗ ನವುಲೆಯ ಬಳಿ ಓದುತ್ತಿದ್ದಾನೆ. ಅವನಿಗೂ ಗೆಳೆಯರಿಗೂ ಮನೆ ನೋಡಿ, ಬಾಡಿಗೆ 12,000 ರೂಪಾಯಿ ಎಂದು ಏಜೆಂಟರು ಮೆಸೇಜಿನಲ್ಲಿ ಖಚಿತಪಡಿಸಿದ ಮೇಲೆ ಅವರ ಖಾತೆಗೆ 10,000 ರೂಪಾಯಿ ಟೋಕನ್ ಹಾಕಿದೆ. ಸಹಿ ಹಾಕುವ ದಿನ ಪತ್ರದಲ್ಲಿ 13,500 ಎಂದಿತ್ತು. ಮಾಲೀಕರು ‘ನಾನು ಮೊದಲಿಂದಲೂ ಅಷ್ಟೇ ಹೇಳಿದ್ದು’ ಎನ್ನುತ್ತಾರೆ. ಮನೆ ಬೇಡವೆಂದರೆ ಟೋಕನ್ ಹಿಂದಿರುಗುವುದಿಲ್ಲವೆಂದು ಏಜೆಂಟರು ಹೇಳುತ್ತಿದ್ದಾರೆ.
— ಓದುಗರು, ಸಾಗರ

ಉತ್ತರ: ಸಹಿ ಹಾಕದೆ ಎದ್ದು ಬಂದದ್ದೇ ಸರಿ. ಇಲ್ಲಿ ಮಾತು ಬದಲಿಸಿದವರು ನೀವಲ್ಲ. ಒಪ್ಪಿದ ದರಕ್ಕೆ ಮನೆ ಕೊಡದೆ ಟೋಕನ್ನನ್ನು ಹಿಡಿದಿಟ್ಟುಕೊಳ್ಳಲು ಅವರಿಗೆ ಆಧಾರವಿಲ್ಲ. ಮಾಲೀಕರು 12,000 ರೂಪಾಯಿಗೆ ಒಪ್ಪಿದ್ದು ನಿಜವಾಗಿದ್ದರೆ ಏಜೆಂಟರ ಮಾತು ಅವರನ್ನೂ ಕಟ್ಟಿಹಾಕುತ್ತದೆ. ಒಪ್ಪಿಯೇ ಇರಲಿಲ್ಲವಾದರೆ, ಇಲ್ಲದ ಅಧಿಕಾರವನ್ನು ಇದೆಯೆಂದು ತೋರಿಸಿ ವ್ಯವಹರಿಸಿದವರು ಅದರಿಂದಾದ ನಷ್ಟವನ್ನು ತುಂಬಿಕೊಡಬೇಕು ಎಂದು ಕರಾರು ಕಾಯ್ದೆಯ 235ನೇ ಕಲಮು ಹೇಳುತ್ತದೆ. ಎರಡರಲ್ಲಿ ಯಾವುದೇ ಇರಲಿ, ಏಜೆಂಟರಿಗೆ ನುಣುಚಿಕೊಳ್ಳುವ ದಾರಿ ಕಿರಿದು. ಯಾರು ಹೇಳಿದ್ದು ನಿಜ ಎಂಬುದನ್ನು ಬಿಡಿಸುವ ಹೊಣೆ ಅವರಿಬ್ಬರದ್ದೇ ಆಗಲಿ. ನಿಮ್ಮ ನೋಟಿಸು ಇಬ್ಬರಿಗೂ ಹೋಗಲಿ.

ಏಜೆಂಟರು ಕಮಿಷನ್ ಪಡೆದಿದ್ದರೆ, ಅಥವಾ ಕೊಡುವುದೆಂದು ಮಾತಾಗಿದ್ದರೆ, ಅವರು ನೀಡಿದ್ದು ಹಣಕ್ಕೆ ಪ್ರತಿಯಾದ ಸೇವೆ. ಆ ಸೇವೆಯ ಲೋಪಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ, ಎರಡು ವರ್ಷದೊಳಗೆ ಸಲ್ಲಿಸಬೇಕು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಮೆಸೇಜುಗಳ ಸ್ಕ್ರೀನ್‌ಶಾಟ್ ಮಾತ್ರ ನೆಚ್ಚಿಕೊಳ್ಳದೆ ಮೂಲ ಸಂಭಾಷಣೆಯನ್ನು ಅದೇ ಫೋನಿನಲ್ಲಿ ಅಳಿಸದೆ ಇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಮಧ್ಯವರ್ತಿಗಳು ನೋಂದಣಿ ಮಾಡಿಸಿಕೊಂಡಿರಬೇಕೆಂದು 1999ರ ಬಾಡಿಗೆ ಕಾಯ್ದೆಯೇ ವಿಧಿಸಿದೆ. ಊರಿನಲ್ಲಿ ಅದನ್ನು ಪಾಲಿಸುವವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ. ಆದರೂ ನೋಟಿಸಿನಲ್ಲಿ ನೋಂದಣಿ ಸಂಖ್ಯೆಯನ್ನು ಕೇಳಿ ನೋಡಿ, ದನಿ ತಗ್ಗೀತು.

ಪ್ರಶ್ನೆ: ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂಬ ಕಾನೂನು ಬಂದಿದೆಯಂತೆ, ನಿಜವೇ?
— ಓದುಗರು, ಭದ್ರಾವತಿ

ಉತ್ತರ: ನೀವು ಕೇಳಿರುವುದು 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯ ತನ್ನದೇ ಶಾಸನ ಮಾಡಿಕೊಂಡರೆ ಮಾತ್ರ ಬಾಡಿಗೆದಾರರಿಗೆ ಅದರಿಂದ ಹಕ್ಕು ಹುಟ್ಟುತ್ತದೆ. ಅದನ್ನು ತೋರಿಸಿ ಏಜೆಂಟರೊಡನೆ ಚೌಕಾಶಿ ಮಾಡಬಹುದು, ಮೊಕದ್ದಮೆ ಹೂಡಲಾಗದು.

ಪ್ರಶ್ನೆ: ಆರು ವರ್ಷದಿಂದ ಬಾಯಿಮಾತಿನ ಮೇಲೆ ಬಾಡಿಗೆಗಿದ್ದೇವೆ. ಈಗ ಮಾಲೀಕರು ಮನೆಯನ್ನು ಏಜೆಂಟರಿಗೆ ಒಪ್ಪಿಸಿದ್ದಾರೆ. ಒಮ್ಮೆಗೇ 2,000 ರೂಪಾಯಿ ಹೆಚ್ಚು ಕೇಳಿದ ಅವರು, ಒಪ್ಪದಿದ್ದರೆ ವಾರದಲ್ಲಿ ಕರೆಂಟು ತೆಗೆಸಿ ಬೀಗ ಹಾಕುತ್ತೇನೆ ಎನ್ನುತ್ತಾರೆ. ಈ ಮಳೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?
— ಓದುಗರು, ತೀರ್ಥಹಳ್ಳಿ

ಉತ್ತರ: ಕಾಗದವಿಲ್ಲದಿದ್ದರೂ ನೀವು ಬಾಡಿಗೆದಾರರೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಇಂಥ ವಾಸದ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದ್ದು. ಅದನ್ನು ಮುಗಿಸಲು 15 ದಿನಗಳ ಲಿಖಿತ ನೋಟಿಸು ಬೇಕು. ಆ ಮೇಲೂ ನೀವು ಬಿಡದಿದ್ದರೆ ಅವರು ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ಬೀಗ ತೆಗೆದುಕೊಂಡು ಮನೆಗೆ ಬರುವಂತಿಲ್ಲ. ಹಾಗೂ ಬಲವಂತವಾಗಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಆದರೆ ನಿಮ್ಮ ಸ್ಥಿತಿ ಶಿವಮೊಗ್ಗದ ಓದುಗರಷ್ಟು ಗಟ್ಟಿಯಲ್ಲ: ಅವಧಿ ಗೊತ್ತುಪಡಿಸಿಲ್ಲವಾದ್ದರಿಂದ ಹಳೆಯ ಬಾಡಿಗೆಯಲ್ಲಿಯೇ ಬಹುಕಾಲ ಉಳಿಯುವ ಹಕ್ಕನ್ನು ಸಾಧಿಸುವುದು ಕಷ್ಟ. ಏರಿಕೆಯ ಮೊತ್ತವನ್ನು ಏಜೆಂಟರನ್ನು ಬಿಟ್ಟು ಮಾಲೀಕರೊಡನೆ ನೇರವಾಗಿ ಮಾತಾಡಿ, ಒಪ್ಪಂದವಾದರೆ ಈ ಬಾರಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಮೆಸ್ಕಾಂ ಬಿಲ್ಲನ್ನು ಆರ್.ಆರ್. ಸಂಖ್ಯೆಯ ಮೇಲೆ ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಬಾಕಿಯೆಂಬ ಕಾರಣಕ್ಕೆ ಕರೆಂಟು ಹೋಗದಿರಲಿ. ಬೀಗ ಹಾಕುವ ಬೆದರಿಕೆ ಮರುಕಳಿಸಿದರೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಹಾಗೆಯೇ ವಕೀಲರ ಮೂಲಕ ತಡೆಯಾಜ್ಞೆಗೆ ಅರ್ಜಿ ಹಾಕಿ.