ಹೊಸ ಕ್ಯಾಮ್‌ಗೆ ಹಳೆ ಸ್ಪ್ರಿಂಗ್ ಸಾಕಾ?

ಪ್ರಶ್ನೆ: ನನ್ನ ಹಳೆ ಕಾರಿನ ಎಂಜಿನ್ ಬಿಚ್ಚಿದ್ದೇನೆ. ಪುಶ್‌ರಾಡ್ ಎಂಜಿನ್, ಫ್ಲ್ಯಾಟ್ ಟ್ಯಾಪೆಟ್ (ಕ್ಯಾಮ್‌ಗೆ ತಾಗುವ ಚಪ್ಪಟೆ ತಳದ ತುಂಡು). ಮೊದಲಿನ ಕ್ಯಾಮ್‌ಶಾಫ್ಟ್‌ನಲ್ಲಿ (ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ) ವಾಲ್ವ್ ಲಿಫ್ಟ್, ಅಂದರೆ ವಾಲ್ವ್ ತೆರೆಯುವ ದೂರ, 9 ಮಿ.ಮೀ. ಇತ್ತು, ಹೊಸದರಲ್ಲಿ 11 ಮಿ.ಮೀ. ವಾಲ್ವ್ ಸ್ಪ್ರಿಂಗ್‌ಗಳು ನೋಡೋಕೆ ಚೆನ್ನಾಗೇ ಇವೆ. ಅವನ್ನೇ ಹಾಕಬಹುದಾ? ಗೆಳೆಯನೊಬ್ಬ, "ಸಿಕ್ಕಿದ್ದರಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿಬಿಡು" ಅನ್ನುತ್ತಾನೆ.

ಉತ್ತರ: ಹಳೆಯದನ್ನು ಹಾಕಬೇಡಿ. ಗೆಳೆಯನ ಮಾತನ್ನೂ ಕೇಳಬೇಡಿ.

ಮೊದಲು ಒಂದು ಅನುಮಾನ. ಆ 11 ಮಿ.ಮೀ. ವಾಲ್ವ್ ಹತ್ತಿರದ್ದಾ, ಕ್ಯಾಮ್ ಲೋಬ್‌ನದ್ದಾ, ಅಂದರೆ ಕ್ಯಾಮ್‌ನ ಉಬ್ಬಿನದ್ದಾ? ಲೋಬ್ ಲಿಫ್ಟನ್ನು ರಾಕರ್ ರೇಷಿಯೋದಿಂದ (ವಾಲ್ವ್ ಒತ್ತುವ ಸನ್ನೆಯಾದ ರಾಕರ್ ಆ ಚಲನೆಯನ್ನು ಎಷ್ಟು ಪಟ್ಟು ಮಾಡುತ್ತದೋ ಅದು) ಗುಣಿಸಿದರೆ ವಾಲ್ವ್ ಲಿಫ್ಟ್ ಬರುತ್ತದೆ. ಲೋಬ್ 7.4, ರಾಕರ್ 1.5 ಆದರೆ 11.1. ಕ್ಯಾಮ್ ಜೊತೆ ಬಂದ ಕಾರ್ಡ್ ನೋಡಿ. ಸುಮಾರು ಜನ ಅದನ್ನು ಡಬ್ಬದ ಜೊತೆಗೇ ಎಸೆದಿರುತ್ತಾರೆ!

ಈಗ ಹಳೆ ಸ್ಪ್ರಿಂಗ್ ಯಾಕೆ ಬೇಡ ಅಂತ ಲೆಕ್ಕ ಹಾಕೋಣ. ವಾಲ್ವ್ ಮುಚ್ಚಿದ್ದಾಗ ಸ್ಪ್ರಿಂಗ್ ಎತ್ತರ 40 ಮಿ.ಮೀ. ಅಂದುಕೊಳ್ಳಿ. ಪೂರ್ತಿ ಒತ್ತಿ ಸುತ್ತುಗಳೆಲ್ಲ ಒಂದಕ್ಕೊಂದು ತಾಗಿದಾಗ 29.5. ಅಂದರೆ ಅದು ಕುಗ್ಗಬಲ್ಲದ್ದು 10.5 ಮಿ.ಮೀ. ಮಾತ್ರ. ಕ್ಯಾಮ್ 11 ಕೇಳುತ್ತಿದೆ. ಆ ಅರ್ಧ ಮಿ.ಮೀ.ಗಾಗಿ ಪುಶ್‌ರಾಡ್ ಬಾಗುತ್ತದೆ, ಇಲ್ಲವೇ ರಾಕರ್ ಮುರಿಯುತ್ತದೆ. ನನ್ನ ಲೆಕ್ಕದಲ್ಲಿ ಪೂರ್ತಿ ಲಿಫ್ಟ್ ಆದ ಮೇಲೂ 1.5 ಮಿ.ಮೀ. ಜಾಗ ಉಳಿಯಬೇಕು. ರಿಟೇನರ್‌ನ (ಸ್ಪ್ರಿಂಗ್ ಮೇಲೆ ಕೂರುವ ತಟ್ಟೆ) ತಳಕ್ಕೂ ವಾಲ್ವ್ ಸೀಲ್‌ಗೂ ನಡುವೆಯೂ ಅಷ್ಟೇ. ಇದನ್ನು ಮರೆಯುವವರೇ ಜಾಸ್ತಿ.

ಆ 40 ಅನ್ನೋದು ಪುಸ್ತಕದ ಅಂಕಿ ಆಗಬಾರದು, ನಿಮ್ಮ ಹೆಡ್‌ನಲ್ಲೇ ಅಳೆದದ್ದಾಗಿರಬೇಕು. ವಾಲ್ವ್, ರಿಟೇನರ್, ಲಾಕ್ ಹಾಕಿ ಮೇಲಕ್ಕೆ ಎಳೆದು ಹಿಡಿದು, ಸ್ಪ್ರಿಂಗ್ ಕೂರುವ ಜಾಗದಿಂದ ರಿಟೇನರ್‌ವರೆಗೆ ಅಳೆಯಿರಿ. ಪ್ರತಿ ವಾಲ್ವ್‌ಗೂ ಬೇರೆ ಬೇರೆ. ವಾಲ್ವ್ ಸೀಟ್ ಉಜ್ಜಿಸಿದ್ದರೆ ವಾಲ್ವ್ ಹೆಡ್‌ನೊಳಗೆ ಕುಸಿದಿರುತ್ತದೆ. ಆಗ ಕಾಂಡ ಆ ಕಡೆ ಜಾಸ್ತಿ ಹೊರಬಂದು, ಸ್ಪ್ರಿಂಗ್ ಎತ್ತರ ಹೆಚ್ಚಾಗಿ, ಒತ್ತಡ ಇಳಿಯುತ್ತದೆ. ಸ್ಪ್ರಿಂಗ್ ಕೆಳಗೆ ಶಿಮ್ (ತೆಳು ಬಿಲ್ಲೆ) ಇಟ್ಟು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ.

ಇನ್ನು ಒತ್ತಡ. ವಾಲ್ವ್ ಮುಚ್ಚಿದಾಗ 40 ಕೆ.ಜಿ., ಮಿ.ಮೀ.ಗೆ 4 ಕೆ.ಜಿ. ಏರುವ ಸ್ಪ್ರಿಂಗ್ ಆದರೆ, 11 ಮಿ.ಮೀ. ಲಿಫ್ಟ್‌ನಲ್ಲಿ 84 ಕೆ.ಜಿ. ಇದು ಬರೀ ಉದಾಹರಣೆ. ನಿಮಗೆ ಬೇಕಾದ್ದು ಕ್ಯಾಮ್ ಕಾರ್ಡ್‌ನಲ್ಲಿರುವ ಎರಡು ಅಂಕಿ: ಮುಚ್ಚಿದಾಗ ಎಷ್ಟು, ಪೂರ್ತಿ ತೆರೆದಾಗ ಎಷ್ಟು. ಕಡಿಮೆಯಾದರೆ ಹೆಚ್ಚು ಆರ್‌ಪಿಎಂನಲ್ಲಿ ಟ್ಯಾಪೆಟ್ ಕ್ಯಾಮನ್ನು ಬಿಟ್ಟು ತೇಲುತ್ತದೆ. ವೇಗ ಎರಡು ಪಟ್ಟಾದರೆ ಸ್ಪ್ರಿಂಗ್ ಹಿಡಿದಿಡಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಈ ತೊಂದರೆ ಮೇಲಿನ ಆರ್‌ಪಿಎಂನಲ್ಲೇ ಕಾಣೋದು. ಆದರೆ ಗೆಳೆಯ ಹೇಳಿದ ಹಾಗೆ ಸುಮ್ನೆ ಗಟ್ಟಿ ಸ್ಪ್ರಿಂಗ್ ಹಾಕಿದರೆ? ಫ್ಲ್ಯಾಟ್ ಟ್ಯಾಪೆಟ್ ಲೋಬ್ ಮೇಲೆ ಉಜ್ಜಿಕೊಂಡೇ ಓಡುವುದು. ಅತಿ ಒತ್ತಡದಲ್ಲಿ ಎಣ್ಣೆ ಪದರ ಹರಿದು ಹೊಸ ಕ್ಯಾಮ್‌ನ ಮೂಗು, ಅಂದರೆ ಲೋಬ್‌ನ ತುದಿ, ಸವೆದು ಹೋಗುತ್ತದೆ. ಹಾಗೆ ಬೋಳಾದ ಕ್ಯಾಮ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ದುಡ್ಡು ಕೊಟ್ಟು ತಂದ ಲಿಫ್ಟೇ ಅಲ್ಲಿ ಉಳಿದಿರಲಿಲ್ಲ.

ಹೆಡ್ ಮುಚ್ಚುವ ಮೊದಲು ವಾಲ್ವ್‌ಗೂ ಪಿಸ್ಟನ್‌ಗೂ ನಡುವಿನ ಜಾಗ ನೋಡಿ. ಇನ್‌ಟೇಕ್‌ನಲ್ಲಿ 2 ಮಿ.ಮೀ., ಎಕ್ಸಾಸ್ಟ್‌ನಲ್ಲಿ 2.5 ಮಿ.ಮೀ. ಇದ್ದರೆ ನಾನು ಒಪ್ಪುತ್ತೇನೆ.

ನೀವು ತರುವುದು ಎರಡು ಸುತ್ತಿನ, ಅಂದರೆ ಒಳಗೊಂದು ಹೊರಗೊಂದು ಸ್ಪ್ರಿಂಗ್ ಇರುವ ಜೋಡಿಯಾದರೆ, ಮೊದಲು ಹೊರಗಿನದನ್ನು ಮಾತ್ರ ಹಾಕಿ, ಹೊಸ ಕ್ಯಾಮ್ ಹೊಂದಿಕೊಳ್ಳುವವರೆಗೆ ಒತ್ತಡ ಕಡಿಮೆ ಇರಲಿ. ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2,000 ಆರ್‌ಪಿಎಂ ಆಸುಪಾಸಿನಲ್ಲಿ ಏರಿಳಿಸುತ್ತಾ 20 ನಿಮಿಷ ಓಡಿಸಿ. ಆಮೇಲೆ ಒಳಗಿನ ಸ್ಪ್ರಿಂಗ್ ಸೇರಿಸಿ. ಹೆಡ್ ಬಿಚ್ಚಬೇಕಿಲ್ಲ. ಆ ಸಿಲಿಂಡರ್‌ನ ಪಿಸ್ಟನ್ ಮೇಲಿನ ತುದಿಗೆ ತಂದು, ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ಒತ್ತಡ ಕೊಟ್ಟರೆ ವಾಲ್ವ್ ಕೆಳಗೆ ಬೀಳುವುದಿಲ್ಲ.